ಪುಟ್ಟ ಮಗುವಿಗಾಗಿ ಮನೆ ಮುಂದೆ ಪಾರ್ಕಿಂಗ್ ಜಾಗ: ಎಲ್ಲಿಂದ ಶುರು ಮಾಡಬೇಕು, ಯಾರನ್ನು ಕೇಳಬೇಕು

ಶನಿವಾರ ಬೆಳಿಗ್ಗೆ ಮಗಳನ್ನು ಫಿಸಿಯೋಥೆರಪಿಗೆ ಹೊರಡಿಸುವ ಹೊತ್ತಿಗೆ ನಮ್ಮ ಮನೆ ಮುಂದೆ ಯಾವುದೋ ಊರಿನ ಕಾರು ನಿಂತಿರುತ್ತಿತ್ತು. ಮುಳ್ಳಯ್ಯನಗಿರಿ ನೋಡಲು ಬಂದವರು, ಪಕ್ಕದ ರಸ್ತೆಯ ಹೋಂಸ್ಟೇಯಲ್ಲಿ ರಾತ್ರಿ ಉಳಿದವರು. ಅವರಿಗೆ ನಮ್ಮ ವಿಷಯ ಗೊತ್ತಿಲ್ಲ, ಜಾಗ ಕಂಡಿತು, ನಿಲ್ಲಿಸಿದರು. ನಮ್ಮ ಕಾರು ನಾಲ್ಕು ಮನೆ ಆಚೆ. ಮಗಳಿಗೆ ಐದು ವರ್ಷ, 17 ಕೆ.ಜಿ. ತೂಕ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈ ಕೈಕಾಲು ಹಿಡಿತಕ್ಕೆ ಬರದ ಸ್ಥಿತಿ) ಇದೆ, ಕೂರಿಸಿದರೆ ಬೆನ್ನಿಗೆ ಆಸರೆ ಬೇಕು. ಒಂದು ಕೈಯಲ್ಲಿ ಅವಳು, ಇನ್ನೊಂದರಲ್ಲಿ ಕೊಡೆ, ಹೆಗಲಿಗೆ ಬ್ಯಾಗು, ಹಿಂದೆ ನಮ್ಮ ಅತ್ತೆ ಖಾಲಿ ವೀಲ್‌ಚೇರ್ ತಳ್ಳಿಕೊಂಡು. ಜುಲೈ ತಿಂಗಳ ಜಡಿಮಳೆಯಲ್ಲಿ, ಪಾಚಿ ಕಟ್ಟಿದ ಚರಂಡಿ ಚಪ್ಪಡಿ ಮೇಲೆ ಹಾಗೆ ನಡೆಯುವ ಭಯ ನಡೆದವರಿಗೇ ಗೊತ್ತು. ಒಂದು ದಿನ ಕಾಲು ಜಾರಿತು. ಬೀಳಲಿಲ್ಲ, ಗೋಡೆ ಹಿಡಿದುಕೊಂಡೆ, ಆದರೆ ಅವಳ ಮೊಣಕೈ ತರಚಿ ರಕ್ತ ಬಂತು. ಅವತ್ತು ಸಂಜೆಯೇ ಅರ್ಜಿ ಬರೆಯಲು ಕೂತೆ.

ಆ ಮೊದಲ ಅರ್ಜಿ ಎಲ್ಲಿಗೂ ಹೋಗಲಿಲ್ಲ. ಕೊಡಲು ಹೋದ ಕಚೇರಿಯಲ್ಲಿ ಕೇಳಿದರು, "ಗಾಡಿ ಓಡಿಸೋದು ನೀವಲ್ವಾ ಮೇಡಂ? ನಿಮಗೇನೂ ತೊಂದರೆ ಇಲ್ವಲ್ಲ? ಮಗು ಚಿಕ್ಕದು, ಎತ್ಕೊಂಡು ಹೋದ್ರಾಯ್ತು." ನನಗೆ ಆಗ ಉತ್ತರ ಹೊಳೆಯಲಿಲ್ಲ, ಸುಮ್ನೆ ವಾಪಸ್ ಬಂದೆ. ಈ ಮಾತನ್ನು ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಜಾಗ ಕೇಳುತ್ತಿರುವುದು ಮಗುವಿಗೆ. ಗಾಡಿ ಯಾರು ಓಡಿಸಿದರೂ ಅದರಲ್ಲಿ ಕೂತು ಇಳಿಯಬೇಕಾದವಳು ಅವಳು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ವಯಸ್ಸಿನ ಮಿತಿ ಇಲ್ಲ. ಅದರ 4ನೇ ಕಲಂ ಮಕ್ಕಳನ್ನೇ ಹೆಸರಿಸಿ, ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ವಿಕಲಚೇತನ ಮಕ್ಕಳಿಗೆ ಎಲ್ಲರಂತೆ ಸಮಾನವಾಗಿ ಹಕ್ಕು ಸಿಗುವಂತೆ ನೋಡಿಕೊಳ್ಳಬೇಕು ಅನ್ನುತ್ತದೆ. ಸ್ಥಳೀಯ ಸಂಸ್ಥೆ ಅಂದರೆ ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿ ಎಲ್ಲವೂ. ಈ ಒಂದು ಕಲಂ ಬಾಯಿಪಾಠ ಇರಲಿ.

ಇನ್ನು "ಎತ್ಕೊಂಡು ಹೋಗಿ" ಅನ್ನುವ ಮಾತು. ಮೂರು ವರ್ಷಕ್ಕೆ 11 ಕೆ.ಜಿ. ಇದ್ದ ಮಗು ಐದಕ್ಕೆ 17 ಆಗಿದೆ, ಎಂಟಕ್ಕೆ ಎಷ್ಟಾಗುತ್ತದೆ? ನಮ್ಮ ಸೊಂಟ ಅಷ್ಟೇ ಇರುತ್ತದೆ. ಮೈ ಬಿಗಿಯಾಗುವ ಮಕ್ಕಳನ್ನು ಎತ್ತುವುದು ಬೇರೆ ಮಕ್ಕಳನ್ನು ಎತ್ತಿದ ಹಾಗಲ್ಲ, ಇದ್ದಕ್ಕಿದ್ದಂತೆ ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತದೆ, ಕೈ ಜಾರುತ್ತದೆ. ಇದನ್ನು ಅಧಿಕಾರಿಗೆ ನಾಚಿಕೆ ಇಲ್ಲದೆ ಬಿಡಿಸಿ ಹೇಳಿ.

ಯಾವ ಜಾಗ ಕೇಳುತ್ತಿದ್ದೀರಿ, ಮೊದಲು ತೀರ್ಮಾನಿಸಿ

ಇಂಗ್ಲೆಂಡಿನಂಥ ಕಡೆ ಮನೆ ಮುಂದಿನ ರಸ್ತೆಯಲ್ಲಿ ಅಂಗವಿಕಲರ ಪಾರ್ಕಿಂಗ್ ಗುರುತು ಹಾಕಿಕೊಡಿ ಅಂತ ಸ್ಥಳೀಯ ಕೌನ್ಸಿಲ್‌ಗೆ ಅರ್ಜಿ ಹಾಕುವ ಪದ್ಧತಿ ಇದೆ. ಭಾರವಾದ ವೈದ್ಯಕೀಯ ಸಲಕರಣೆ ಜೊತೆಗೇ ಒಯ್ಯಬೇಕಾದ ಮೂರು ವರ್ಷದೊಳಗಿನ ಕೂಸಿಗೂ ಅಲ್ಲಿ ಬ್ಲೂ ಬ್ಯಾಡ್ಜ್, ಅಂದರೆ ಅಂಗವಿಕಲರ ಪಾರ್ಕಿಂಗ್ ಚೀಟಿ, ಸಿಗುತ್ತದೆ. ನಾನು ಕೇಳಲು ಹೋದಾಗ ನಮ್ಮಲ್ಲಿ ಇದಕ್ಕೆಂದೇ ಅಚ್ಚಾದ ಫಾರಂ ಇರಲಿಲ್ಲ. ಹಾಗಂತ ದಾರಿ ಇಲ್ಲ ಅಂತಲ್ಲ. ಮೂರು ದಾರಿ ಇದೆ, ಬೇಗ ಆಗುವುದರಿಂದ ಹಿಡಿದು ಹೇಳುತ್ತೇನೆ.

ಒಂದು, ನಿಮ್ಮ ಕಾಂಪೌಂಡಿನ ಒಳಗೇ ಜಾಗ ಮಾಡಿಕೊಳ್ಳುವುದು. ಇದಕ್ಕೆ ಯಾರನ್ನೂ ಹೆಚ್ಚು ಕೇಳಬೇಕಿಲ್ಲ. ಎರಡು, ಗೇಟಿನ ಮುಂದೆ ಯಾರೂ ಗಾಡಿ ನಿಲ್ಲಿಸದಂತೆ ಮಾಡುವುದು. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಯಾವುದೇ ಮನೆ ಅಥವಾ ಆಸ್ತಿಯ ಒಳಹೋಗುವ, ಹೊರಬರುವ ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವಂತಿಲ್ಲ. ಇದು ಅಂಗವೈಕಲ್ಯ ಇರಲಿ ಬಿಡಲಿ ಎಲ್ಲರ ಮನೆಗೂ ಇರುವ ರಕ್ಷಣೆ. ಮೂರು, ರಸ್ತೆಯ ಮೇಲೇ ವೀಲ್‌ಚೇರ್ ಚಿತ್ರದ ಗುರುತು, ಫಲಕ ಹಾಕಿಸುವುದು. ಇದಕ್ಕೆ ಅಧಿಕೃತ ಆದೇಶ ಬೇಕು, ಹೊತ್ತು ಹಿಡಿಯುತ್ತದೆ.

ನಾವು ಮೊದಲೆರಡು ದಾರಿ ಹಿಡಿದೆವು. ಥೆರಪಿ ಕೇಂದ್ರದಲ್ಲಿ ಪರಿಚಯವಾದ ಇನ್ನೊಬ್ಬ ತಾಯಿಯ ಮನೆ ವಠಾರದಲ್ಲಿ, ಬಾಗಿಲು ತೆಗೆದರೆ ರಸ್ತೆ, ಅಂಗಳವೇ ಇಲ್ಲ. ಅವರಿಗೆ ಮೂರನೆಯದೊಂದೇ ದಾರಿ. ನಿಮ್ಮದು ಯಾವುದು ಅಂತ ನೋಡಿಕೊಂಡು ಮುಂದೆ ಓದಿ. ಜಾಗವಿದ್ದೂ ರಸ್ತೆ ಮೇಲಿನ ಗುರುತಿಗಾಗಿ ವರ್ಷಗಟ್ಟಲೆ ಓಡಾಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕಾಗದಪತ್ರ

ಎಲ್ಲಕ್ಕೂ ಬುಡ ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಮಗುವಿನ ಪರವಾಗಿ ತಂದೆ ಅಥವಾ ತಾಯಿ ಅರ್ಜಿ ಹಾಕಬಹುದು. ಮಗುವಿನ ಫೋಟೋ, ಆಧಾರ್, ವಿಳಾಸದ ದಾಖಲೆ ಬೇಕು. ಆಧಾರ್‌ನಲ್ಲಿ, ಜನನ ಪ್ರಮಾಣ ಪತ್ರದಲ್ಲಿ, ಆಸ್ಪತ್ರೆ ಚೀಟಿಯಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ಅಂತ ಈಗಲೇ ನೋಡಿ. ಐದು ವರ್ಷದೊಳಗೆ ಮಾಡಿಸಿದ ಬಾಲ ಆಧಾರ್ ಆಗಿದ್ದರೆ ಐದು ತುಂಬಿದ ಮೇಲೆ ಬೆರಳಚ್ಚು ಕೊಟ್ಟು ಅಪ್‌ಡೇಟ್ ಮಾಡಿಸಬೇಕು, ಅದನ್ನೂ ಮುಗಿಸಿಕೊಳ್ಳಿ. ಆನ್‌ಲೈನ್ ಆದ ಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ನಮ್ಮೂರು ಚಿಕ್ಕಮಗಳೂರಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ, ಹಾಸನದವರಾದರೆ ಹಿಮ್ಸ್ ಆಸ್ಪತ್ರೆ. ಯಾವ ವಾರ, ಯಾವ ಹೊತ್ತಿಗೆ ಬರಬೇಕು ಅಂತ ಕೇಳಿಕೊಂಡೇ ಹೋಗಿ, ಮಗುವನ್ನು ಕರೆದುಕೊಂಡು ಎರಡು ಸಲ ಅಲೆಯುವುದು ತಪ್ಪುತ್ತದೆ. ಹುಟ್ಟಿದಾಗಿನ ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ವರದಿ, ಥೆರಪಿ ಪುಸ್ತಕ ಎಲ್ಲ ಒಂದು ಫೈಲಿನಲ್ಲಿ ಇರಲಿ.

ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ತಾತ್ಕಾಲಿಕ ಪ್ರಮಾಣ ಪತ್ರ ಕೊಡುತ್ತಾರೆ. ಬೆಳೆಯುತ್ತಾ ಸ್ಥಿತಿ ಬದಲಾಗಬಹುದು ಅನ್ನುವ ಕಾರಣಕ್ಕೆ. ಅದರಲ್ಲಿ ಬೇಸರಪಡುವುದು ಏನೂ ಇಲ್ಲ, ಅವಧಿ ಮುಗಿಯುವ ದಿನಾಂಕವನ್ನು ಮಾತ್ರ ಕ್ಯಾಲೆಂಡರಿನಲ್ಲಿ ಬರೆದಿಡಿ. ಅಂಗವೈಕಲ್ಯ ಶೇ. 40 ಇರಬೇಕು ಅನ್ನುವುದು ಮೀಸಲಾತಿಯಂಥ ಸೌಲಭ್ಯಗಳಿಗೆ ಇರುವ ಗಡಿ. ಕಾಯ್ದೆ ಹೇಳುವ 'ಸೂಕ್ತ ಹೊಂದಾಣಿಕೆ', ಅಂದರೆ ಅವರವರ ಅಗತ್ಯಕ್ಕೆ ತಕ್ಕ ಬದಲಾವಣೆ ಮಾಡಿಕೊಡುವುದು, ಅದಕ್ಕಿಂತ ಕಡಿಮೆ ಪ್ರಮಾಣ ಇರುವವರಿಗೂ ಅನ್ವಯಿಸುತ್ತದೆ. ಆದರೆ ಕಚೇರಿಗಳಲ್ಲಿ ಕೇಳುವ ಮೊದಲ ಪ್ರಶ್ನೆಯೇ "ಎಷ್ಟು ಪರ್ಸೆಂಟ್?" ಆದ್ದರಿಂದ ಅದಕ್ಕೆ ತಯಾರಾಗಿ ಹೋಗಿ.

ಪರ್ಸೆಂಟ್ ಒಂದರಿಂದಲೇ ಪಾರ್ಕಿಂಗ್ ಯಾಕೆ ಬೇಕು ಅಂತ ಯಾರಿಗೂ ಅರ್ಥವಾಗುವುದಿಲ್ಲ. ಅದಕ್ಕೆ ಮಕ್ಕಳ ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಅರ್ಧ ಪುಟದ ಪತ್ರ ಬರೆಸಿಕೊಳ್ಳಿ. ಕಾಯಿಲೆ ಹೆಸರಿಗಿಂತ ಮಗುವಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಅನ್ನುವುದು ಅದರಲ್ಲಿ ಬರಬೇಕು. ಆಸರೆ ಇಲ್ಲದೆ ನಿಲ್ಲಲಾರಳು, ಒಬ್ಬರು ಎತ್ತಿಯೇ ಗಾಡಿಗೆ ಕೂರಿಸಬೇಕು, ವೀಲ್‌ಚೇರ್ ಜೊತೆಗೆ ಇರಲೇಬೇಕು, ವಾರಕ್ಕೆ ಮೂರು ದಿನ ಥೆರಪಿ ಇದೆ, ಮಳೆ ಚಳಿಗೆ ಬೇಗ ಕಫ ಕಟ್ಟುತ್ತದೆ. ಹೀಗೆ. ನಮ್ಮ ಕೆಲಸಕ್ಕೆ ಜಾಸ್ತಿ ಸಹಾಯ ಮಾಡಿದ್ದು ಈ ಪತ್ರವೇ.

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ದಿನ, ಎಷ್ಟು ಗಂಟೆಗೆ, ಕಾರು ಎಷ್ಟು ದೂರ ನಿಲ್ಲಿಸಬೇಕಾಯಿತು. ಮನೆ ಮುಂದೆ ಬೇರೆ ಗಾಡಿ ನಿಂತ ಫೋಟೋ ನಾಲ್ಕೈದು ಸಾಕು. ಫೋಟೋದಲ್ಲಿ ಮಗುವಿನ ಮುಖ ಬೇಡ. ಈ ಕಾಗದ ಹತ್ತು ಟೇಬಲ್ ಸುತ್ತುತ್ತದೆ, ಯಾರ್ಯಾರ ಮೊಬೈಲಿಗೋ ಹೋಗುತ್ತದೆ. ಕರುಣೆ ಹುಟ್ಟಿಸುವುದಕ್ಕೆ ಅವಳ ಮುಖ ತೋರಿಸುವ ಅಗತ್ಯ ಇಲ್ಲ, ಅವಳಿಗೂ ಒಂದು ಮರ್ಯಾದೆ ಇದೆ.

ಅಳತೆ: ಇದನ್ನು ಮಾತ್ರ ಅವಸರದಲ್ಲಿ ಮಾಡಬೇಡಿ

ನಮ್ಮ ಮನೆ 30-40ರ ಸೈಟು. ಪಕ್ಕದಲ್ಲಿ 11 ಅಡಿ ಅಗಲ, 16 ಅಡಿ ಉದ್ದದ ಜಾಗ ಇತ್ತು. ಅದರಲ್ಲಿ ಹಳೆ ಸೌದೆ, ಮುರಿದ ಸೈಕಲ್ಲು, ಸ್ಕೂಟರ್, ಹೂವಿನ ಕುಂಡಗಳು. ಗೇಟು ಆರೇ ಅಡಿ ಅಗಲ, ಕಾರು ಒಳಗೆ ಬರುವ ಹಾಗೇ ಇರಲಿಲ್ಲ. ಇಷ್ಟು ವರ್ಷ ಆ ಜಾಗ ಪಾರ್ಕಿಂಗ್ ಆಗಬಹುದು ಅಂತ ನಮಗೆ ಹೊಳೆದೇ ಇರಲಿಲ್ಲ.

ಕೇಂದ್ರ ಸರ್ಕಾರದ ಸುಗಮ ಪ್ರವೇಶದ ಮಾನದಂಡದ ಪ್ರಕಾರ ಅಂಗವಿಕಲರ ಪಾರ್ಕಿಂಗ್ ಜಾಗ 3.6 ಮೀಟರ್ ಅಗಲ, 5 ಮೀಟರ್ ಉದ್ದ ಇರಬೇಕು. ಅಡಿಯಲ್ಲಿ ಹೇಳಿದರೆ ಸುಮಾರು 12ಕ್ಕೆ 16. ಆ ಅಗಲದಲ್ಲಿ ಕಾರಿಗೆ 2.4 ಮೀಟರ್, ಪಕ್ಕದಲ್ಲಿ ವೀಲ್‌ಚೇರ್ ನಿಲ್ಲಿಸಿ ಮಗುವನ್ನು ಎತ್ತಿ ಇಳಿಸಲು 1.2 ಮೀಟರ್, ಅಂದರೆ ನಾಲ್ಕು ಅಡಿ. ಮನೆಯೊಳಗೆ ಅಷ್ಟೇ ಇರಬೇಕು ಅಂತ ಕಟ್ಟುನಿಟ್ಟಿಲ್ಲ. ನಮ್ಮದು 11 ಅಡಿ, ಕಾರು ವ್ಯಾಗನಾರ್, ಅದರ ಅಗಲ 1.62 ಮೀಟರ್. ಕಾರನ್ನು ಒಂದು ಪಕ್ಕದ ಗೋಡೆಗೆ ಹತ್ತಿರ ನಿಲ್ಲಿಸಿದರೆ ಇನ್ನೊಂದು ಪಕ್ಕ ನಾಲ್ಕು ಅಡಿಗಿಂತ ಜಾಸ್ತಿಯೇ ಉಳಿಯಿತು.

ಅಳತೆ ಟೇಪಿನಿಂದ ಎಲ್ಲ ಗೊತ್ತಾಗುವುದಿಲ್ಲ. ನಮ್ಮ ಅತ್ತೆ ರಂಗೋಲಿ ಪುಡಿ ತಂದು ನೆಲದ ಮೇಲೆ ಕಾರಿನ ಗೆರೆ ಎಳೆದರು, ಬಾಗಿಲು ತೆಗೆದರೆ ಎಲ್ಲಿಗೆ ಬರುತ್ತದೆ ಅಂತ ಅರ್ಧ ಸುತ್ತು ಬರೆದರು, ಪಕ್ಕದಲ್ಲಿ ವೀಲ್‌ಚೇರ್ ತಂದು ನಿಲ್ಲಿಸಿದರು. ಆಗ ಗೊತ್ತಾಯಿತು, ಮೂತಿ ಒಳಗೆ ಮಾಡಿ ನಿಲ್ಲಿಸಿದರೆ ಮಗಳ ಸೀಟಿನ ಬಾಗಿಲು ಗೋಡೆ ಕಡೆ ಬರುತ್ತದೆ, ಹಿಂದಕ್ಕೆ ತಂದು ನಿಲ್ಲಿಸಿದರೆ ತೆರೆದ ಜಾಗದ ಕಡೆ ಬರುತ್ತದೆ. ಹಾಗಾಗಿ ದಿನಾ ರಿವರ್ಸ್ ತೆಗೆದುಕೊಳ್ಳುವುದೇ ಸರಿ ಅಂತ ಆಯಿತು. ನೀವೂ ಗಾರೆ ಕೆಲಸದವರನ್ನು ಕರೆಯುವ ಮುಂಚೆ ಇದನ್ನು ಮಾಡಿ ನೋಡಿ, ಐದು ನಿಮಿಷದ ಕೆಲಸ.

ಗೇಟನ್ನು ಅಗಲ ಮಾಡಿಸುವಾಗ ತಳ್ಳುವ ಗೇಟು ಹಾಕಿಸಿ. ಒಳಕ್ಕೆ ತೆರೆಯುವ ಗೇಟು ಜಾಗ ತಿನ್ನುತ್ತದೆ, ಹೊರಕ್ಕೆ ತೆರೆದರೆ ರಸ್ತೆಗೆ ಅಡ್ಡ. ಚರಂಡಿ ದಾಟುವ ಕಡೆ ಕಾಂಕ್ರೀಟ್ ಸುರಿದು ಮುಚ್ಚಬೇಡಿ, ನಗರಸಭೆಯ ಎಂಜಿನಿಯರ್ ವಿಭಾಗದಲ್ಲಿ ಕೇಳಿಕೊಂಡು, ಎತ್ತಿ ಚರಂಡಿ ಶುಚಿ ಮಾಡಲು ಬರುವಂಥ ಕಬ್ಬಿಣದ ಜಾಲರಿ ಹಾಕಿಸಿ. ಜಾಲರಿಯ ಸಂದು ಅರ್ಧ ಇಂಚಿಗಿಂತ ಜಾಸ್ತಿ ಇರಬಾರದು, ಸರಳುಗಳು ಚೇರ್ ಹೋಗುವ ದಿಕ್ಕಿಗೆ ಅಡ್ಡಡ್ಡ ಇರಬೇಕು. ಉದ್ದುದ್ದ ಇದ್ದರೆ ಮಕ್ಕಳ ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರ ಸಿಕ್ಕಿಕೊಂಡು ಚೇರ್ ಮುಗ್ಗರಿಸುತ್ತದೆ. ವೆಲ್ಡಿಂಗ್ ಅಂಗಡಿಗೆ ಚೇರನ್ನೇ ಒಯ್ದು ಚಕ್ರ ತೋರಿಸಿದೆವು. ಅಲ್ಲಿನ ಹುಡುಗ ಚಕ್ರವನ್ನು ಸರಳಿನ ಮೇಲೆ ಮೂರು ನಾಲ್ಕು ಸಲ ಹಿಂದೆ ಮುಂದೆ ಉರುಳಿಸಿ ನೋಡಿಯೇ ಬೆಸುಗೆ ಹಾಕಿದ.

ಅಂಗಳದಿಂದ ಮನೆ ಬಾಗಿಲಿಗೆ ಮೆಟ್ಟಿಲಿದ್ದರೆ ಇಳಿಜಾರು ಬೇಕು. ಲೆಕ್ಕ ಸುಲಭ, ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಒಂಬತ್ತು ಇಂಚಿನ ಜಗಲಿಗೆ ಒಂಬತ್ತು ಅಡಿ. ಇದಕ್ಕಿಂತ ಕಡಿದಾಗಿ ಮಾಡಿಸಿದರೆ ಮಳೆಗಾಲದಲ್ಲಿ ತಳ್ಳುವವರೇ ಜಾರುತ್ತಾರೆ. ಮೇಲೆ ನುಣುಪು ಟೈಲ್ಸ್ ಬೇಡ, ಕಸಬರಿಕೆಯಲ್ಲಿ ಗೀರಿದ ಸಿಮೆಂಟ್ ಸಾಕು.

ನಗರಸಭೆ, ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಎತ್ತಿಡಬೇಕು. ನಮ್ಮ ಕೆಲಸಕ್ಕೆ ಆ ಹಣದಿಂದ ಸಹಾಯ ಸಿಗುತ್ತದಾ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಇದನ್ನು ಕೇಳಬೇಕಾದದ್ದು ಹಳ್ಳಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ಎಲ್ಲರೂ ವಿಆರ್‌ಡಬ್ಲ್ಯೂ ಅನ್ನುತ್ತಾರೆ), ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು (ಎಂಆರ್‌ಡಬ್ಲ್ಯೂ), ಪಟ್ಟಣದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನು (ಯುಆರ್‌ಡಬ್ಲ್ಯೂ). ಇವರೂ ಬಹುತೇಕ ವಿಕಲಚೇತನರೇ ಆಗಿರುವುದರಿಂದ ವಿಷಯವನ್ನು ಎರಡು ಸಲ ಹೇಳಬೇಕಾಗಿ ಬರುವುದಿಲ್ಲ.

ಅಕ್ಕಪಕ್ಕದವರ ಹತ್ತಿರ ಮೊದಲು ಮಾತಾಡಿ

ಅರ್ಜಿಗೂ ಮುಂಚೆ ಇದನ್ನು ಮಾಡಬೇಕಿತ್ತು, ನಾವು ಆಮೇಲೆ ಮಾಡಿದೆವು. ಹೋಂಸ್ಟೇ ನಡೆಸುವವರ ಮನೆಗೆ ಒಂದು ಸಂಜೆ ಹೋದೆ. "ಅಣ್ಣ, ನಿಮ್ಮ ಗೆಸ್ಟುಗಳು ನಮ್ಮ ಗೇಟ್ ಹತ್ತಿರ ಗಾಡಿ ನಿಲ್ಲಿಸ್ತಾರೆ, ಮಗಳನ್ನ ಇಳಿಸೋಕೆ ಆಗ್ತಾ ಇಲ್ಲ" ಅಂದೆ. ಅವರು, "ಅಯ್ಯೋ, ಮೊದ್ಲೇ ಹೇಳಬಾರದಿತ್ತಾ ಅಕ್ಕ? ನಮ್ಗೆ ಗೊತ್ತೇ ಆಗ್ಲಿಲ್ಲ" ಅಂದರು. ಮಾರನೇ ದಿನದಿಂದ ರೂಮ್ ಬುಕ್ ಮಾಡಿದವರಿಗೆ ಕಳಿಸುವ ಮೆಸೇಜಿನಲ್ಲೇ ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಸೇರಿಸಿದರು. ಅರ್ಧ ಸಮಸ್ಯೆ ಅಲ್ಲಿಗೇ ಕಡಿಮೆಯಾಯಿತು.

ಎಲ್ಲರೂ ಹಾಗೇ ಇರುವುದಿಲ್ಲ. ಒಬ್ಬರು "ರಸ್ತೆ ನಿಮ್ಮಪ್ಪಂದಾ" ಅಂತಲೂ ಕೇಳಿದರು. ಅವರ ಹತ್ತಿರ ವಾದ ಮಾಡಲಿಲ್ಲ. ಯಾಕೆಂದರೆ ರಸ್ತೆ ನಿಜಕ್ಕೂ ಎಲ್ಲರದು. ಅದಕ್ಕೇ ಕಲ್ಲು ಇಡುವುದು, ಕುಂಡ ಇಡುವುದು, ಚೈನ್ ಕಟ್ಟುವುದು, ನಾವೇ ಬಣ್ಣ ಬಳಿದು ವೀಲ್‌ಚೇರ್ ಚಿತ್ರ ಬರೆಯುವುದು ಬೇಡ. ಅದು ರಸ್ತೆಗೆ ಅಡ್ಡಿ ಮಾಡಿದಂತಾಗುತ್ತದೆ, ಯಾರಾದರೂ ದೂರು ಕೊಟ್ಟರೆ ನಮ್ಮ ಮೇಲೇ ಬರುತ್ತದೆ, ಅಸಲು ಅರ್ಜಿಯೂ ಹಾಳಾಗುತ್ತದೆ. ಗೇಟಿನ ಮೇಲೆ, ಅಂದರೆ ನಮ್ಮದೇ ಆಸ್ತಿಯ ಮೇಲೆ, 'ವಿಕಲಚೇತನ ಮಗು ಇರುವ ಮನೆ, ದಯವಿಟ್ಟು ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ' ಅಂತ ಬೋರ್ಡು ಹಾಕಬಹುದು, ಫೋನ್ ನಂಬರ್ ಸಮೇತ. ನಾವು 'ವಿಕಲಚೇತನ ಮಗು' ಅನ್ನುವುದನ್ನು ಬರೆಸಲಿಲ್ಲ, 'ತುರ್ತು ಓಡಾಟ ಇದೆ' ಅಂತಷ್ಟೇ ಬರೆಸಿದೆವು. ಹೋಗಿ ಬರುವವರಿಗೆಲ್ಲ ಮಗಳ ವಿಷಯ ಹೇಳುವುದು ನನಗೆ ಸರಿ ಕಾಣಲಿಲ್ಲ. ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ.

ರಸ್ತೆ ಮೇಲಿನ ಗುರುತು ಕೇಳುವುದಾದರೆ ಎದುರು ಮನೆ, ಎರಡು ಪಕ್ಕದ ಮನೆಯವರಿಂದ 'ನಮ್ಮ ಆಕ್ಷೇಪಣೆ ಇಲ್ಲ' ಅಂತ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಕಾಯ್ದೆ ಅದನ್ನು ಕೇಳುವುದಿಲ್ಲ, ಆದರೆ ಸ್ಥಳ ನೋಡಲು ಬರುವವರು ಕೇಳುತ್ತಾರೆ.

ರಸ್ತೆ ಮೇಲಿನ ಗುರುತಿಗೆ ಅರ್ಜಿ

ಮೊದಲು ರಸ್ತೆ ಯಾರದು ಅಂತ ತಿಳಿದುಕೊಳ್ಳಿ. ಬಡಾವಣೆಯ ಒಳರಸ್ತೆ ನಗರಸಭೆಯದು. ನಮ್ಮೂರಿನ ಕೆ.ಎಂ. (ಕಡೂರು-ಮಂಗಳೂರು) ರಸ್ತೆಯಂಥದ್ದು ರಾಷ್ಟ್ರೀಯ ಹೆದ್ದಾರಿ 173, ಅಲ್ಲಿ ಮನೆ ಮುಂದೆ ಗುರುತು ಸಿಗುವ ಆಸೆ ಕಡಿಮೆ, ಕಾಂಪೌಂಡ್ ಒಳಗಿನ ದಾರಿಯೇ ಗತಿ. ಹಳ್ಳಿಯಾದರೆ ಪಂಚಾಯಿತಿಯ ಪಿಡಿಒ.

ಪಾರ್ಕಿಂಗ್ ಜಾಗ ಗೊತ್ತು ಮಾಡುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂನಲ್ಲಿದೆ, ಫಲಕ ಹಾಕುವ ಅಧಿಕಾರ 116ರಲ್ಲಿ. ದತ್ತ ಜಯಂತಿ ಸಮಯದಲ್ಲಿ ಯಾವ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ, ಎಲ್ಲಿ ನಿಲ್ಲಿಸಬೇಕು ಅಂತ ಜಿಲ್ಲಾಧಿಕಾರಿಗಳ ಆದೇಶ ಪೇಪರಿನಲ್ಲಿ ಬರುತ್ತದಲ್ಲ, ಅದೂ ಇದೇ ಕಾಯ್ದೆ ಮತ್ತು 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ ಕೆಳಗೆ ಬರುವಂಥದ್ದು. ನಮ್ಮ ಚಿಕ್ಕ ಗುರುತಿಗೂ ದಾರಿ ಅದೇ: ನಗರಸಭೆಯ ಅಭಿಪ್ರಾಯ, ಪೊಲೀಸರ ವರದಿ, ಆಮೇಲೆ ಆದೇಶ. ಆದ್ದರಿಂದ ಅರ್ಜಿಯನ್ನು ಪೌರಾಯುಕ್ತರಿಗೆ ಬರೆದು, ಪ್ರತಿಗಳನ್ನು ಸಂಚಾರ ಪೊಲೀಸ್ ಠಾಣೆ, ಜಿಲ್ಲಾಧಿಕಾರಿ ಮತ್ತು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಒಂದೇ ದಿನ ಕೊಡಿ. ಒಂದು ಕಡೆ ಮಾತ್ರ ಕೊಟ್ಟರೆ "ಅದು ನಮ್ಮ ವ್ಯಾಪ್ತಿಯಲ್ಲ" ಅಂತ ನಿಂತುಬಿಡುತ್ತದೆ.

ಆ ವಠಾರದ ತಾಯಿ ಬರೆದ ಅರ್ಜಿಯ ಒಕ್ಕಣೆ ಹೆಚ್ಚುಕಮ್ಮಿ ಹೀಗಿತ್ತು, ಬೇಕಾದರೆ ಬಳಸಿಕೊಳ್ಳಿ:

"ವಿಷಯ: ವಿಕಲಚೇತನ ಮಗುವಿನ ಅನುಕೂಲಕ್ಕಾಗಿ ಮನೆ ಮುಂದೆ ವಾಹನ ನಿಲುಗಡೆ ಜಾಗ ಗುರುತಿಸಿ ಫಲಕ ಅಳವಡಿಸುವ ಬಗ್ಗೆ.

ಮಾನ್ಯರೇ, ನನ್ನ ಮಗನಿಗೆ 6 ವರ್ಷ. ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ. ಅವನಿಗೆ ನಡೆಯಲು ಬರುವುದಿಲ್ಲ, ಎತ್ತಿಯೇ ಗಾಡಿಗೆ ಕೂರಿಸಬೇಕು. ನಮ್ಮ ಮನೆಗೆ ಅಂಗಳ ಇಲ್ಲ, ಒಳಗೆ ಗಾಡಿ ನಿಲ್ಲಿಸಲು ಜಾಗ ಇಲ್ಲ. ಕಳೆದ ಎರಡು ವಾರದಲ್ಲಿ 9 ದಿನ ಗಾಡಿಯನ್ನು ದೂರ ನಿಲ್ಲಿಸಿ ಮಗುವನ್ನು ಎತ್ತಿಕೊಂಡು ಬರಬೇಕಾಯಿತು. ವಿವರ, ಫೋಟೋ, ವೈದ್ಯರ ಪತ್ರ ಲಗತ್ತಿಸಿದ್ದೇನೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಕಲಂ 3(5) ಮತ್ತು 4ರ ಅಡಿಯಲ್ಲಿ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕೆಂದು, ಸ್ಥಳ ಪರಿಶೀಲನೆ ಮಾಡಿ ಒಂದು ವಾಹನದಷ್ಟು ಜಾಗ ಗುರುತಿಸಬೇಕೆಂದು ಕೋರುತ್ತೇನೆ. ಈ ಜಾಗವನ್ನು ಬೇರೆ ವಿಕಲಚೇತನರ ವಾಹನಗಳೂ ಬಳಸಲು ನಮ್ಮ ಅಭ್ಯಂತರ ಇಲ್ಲ."

ಕೊನೆಯ ಸಾಲು ಮುಖ್ಯ. ಸಾರ್ವಜನಿಕ ರಸ್ತೆಯ ಗುರುತು ಒಂದೇ ಮನೆಯ ಸ್ವತ್ತು ಆಗುವುದಿಲ್ಲ. ಅದನ್ನು ನಾವೇ ಬರೆದುಕೊಟ್ಟರೆ ಅಧಿಕಾರಿಗೂ ಒಪ್ಪುವುದು ಸುಲಭ.

ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ದಿನಾಂಕ, ನಂಬರು ಹಾಕಿಸದೆ ಅಲ್ಲಿಂದ ಕದಲಬೇಡಿ. ಮುಂದೆ ಹೋಗಿ ಕೇಳುವಾಗ ಆ ನಂಬರೇ ಹಿಡಿ. ಸ್ಥಳ ಪರಿಶೀಲನೆಗೆ ಬಂದಾಗ ಗಾಡಿಯನ್ನು ಮನೆ ಮುಂದೆ ತಂದು ಬಾಗಿಲು ತೆಗೆದು, ವೀಲ್‌ಚೇರ್ ಪಕ್ಕಕ್ಕೆ ಇಟ್ಟು ತೋರಿಸಿ. ಗಾಡಿಯ ಎಡಗಡೆ ಮನೆ ಕಡೆಗೆ ಬರಬೇಕು, ಮಗುವಿನ ಸೀಟು ಎಡಗಡೆ ಹಿಂದೆ ಇರಬೇಕು, ಆಗ ಇಳಿಸುವಾಗ ಓಡಾಡುವ ಗಾಡಿಗಳ ಕಡೆ ಬೆನ್ನು ಮಾಡಿ ನಿಲ್ಲಬೇಕಾಗುವುದಿಲ್ಲ. ಮನೆ ರಸ್ತೆಯ ಬಲಕ್ಕೆ ಬರುತ್ತಿದ್ದರೆ ಗಾಡಿ ತಿರುಗಿಸಿಕೊಂಡು ಬನ್ನಿ. ಇದನ್ನು ಕಣ್ಣಾರೆ ನೋಡಿದ ಎಂಜಿನಿಯರ್‌ಗೆ ನಾಲ್ಕು ಅಡಿ ಹೆಚ್ಚುವರಿ ಜಾಗ ಯಾಕೆ ಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಉತ್ತರ ಬರದಿದ್ದರೆ

ತಿಂಗಳು ಕಾದು ನೋಡಿ. ಆಮೇಲೆ 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಿ, ಅಥವಾ ಜಿಲ್ಲಾಧಿಕಾರಿಗಳು ಅಹವಾಲು ಕೇಳುವ ದಿನ ಹೋಗಿ. ಮಾಹಿತಿ ಹಕ್ಕಿನಲ್ಲಿ 'ನನ್ನ ಇಂಥ ನಂಬರಿನ ಅರ್ಜಿ ಈಗ ಯಾರ ಬಳಿ ಇದೆ, ಏನು ಕ್ರಮ ಆಗಿದೆ' ಅಂತ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕಥೆ ಬರೆಯಬೇಡಿ.

ಇದಕ್ಕೂ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ಬರೆಯಿರಿ. 2016ರ ಕಾಯ್ದೆಯ 80ನೇ ಕಲಂ ಪ್ರಕಾರ ಅವರು ವಿಚಾರಣೆ ಮಾಡಬಹುದು. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಕಚೇರಿ ಏನು ಮಾಡಿತು ಅಂತ ಮೂರು ತಿಂಗಳಲ್ಲಿ ತಿಳಿಸಬೇಕು. ಪತ್ರದ ಜೊತೆ ಸೀಲಿರುವ ಪ್ರತಿಗಳನ್ನೆಲ್ಲ ಸೇರಿಸಿ.

ಆ ತಾಯಿಗೆ ಆದೇಶ ಬರಲು ಎಂಟು ತಿಂಗಳು ಹಿಡಿಯಿತು. ಬಂದದ್ದು ಜೂನ್‌ನಲ್ಲಿ. ಒದ್ದೆ ರಸ್ತೆಗೆ ಬಣ್ಣ ಹಿಡಿಯುವುದಿಲ್ಲ, ಹಿಡಿದರೂ ಆ ಮಳೆಗೆ ಉಳಿಯುವುದಿಲ್ಲ. ಫಲಕವನ್ನು ಮೊದಲು ನೆಡಿಸಿ, ಬಣ್ಣವನ್ನು ಮಳೆ ಮುಗಿದ ಮೇಲೆ ಹೊಡೆಸಿ ಅಂತ ಅವರೇ ಕೇಳಿಕೊಂಡರು. ಅದು ಜಾಣತನ. ಫಲಕ ನೀಲಿ ಹಿನ್ನೆಲೆಯ ಪಾರ್ಕಿಂಗ್ ಚಿಹ್ನೆ, ಕೆಳಗೆ ವೀಲ್‌ಚೇರ್ ಚಿತ್ರ. ರಸ್ತೆ ಫಲಕಗಳಿಗೆ ಐಆರ್‌ಸಿ 67 ಅನ್ನುವ ಮಾನದಂಡ ಇದೆ, ಆ ಪ್ರಕಾರ ಇದ್ದರೆ ಪೊಲೀಸರಿಗೆ ದಂಡ ಹಾಕಲು ಗೊಂದಲ ಇರುವುದಿಲ್ಲ.

ಆಮೇಲೂ ಯಾರಾದರೂ ಅಲ್ಲಿ ನಿಲ್ಲಿಸುತ್ತಾರೆ. ಬೈಯಬೇಡಿ, ಹಾರ್ನ್ ಹೊಡೆಯಬೇಡಿ. ನಂಬರ್ ಪ್ಲೇಟು, ಫಲಕ ಎರಡೂ ಕಾಣುವಂತೆ ಒಂದು ಫೋಟೋ ತೆಗೆದು ಸಂಚಾರ ಠಾಣೆಗೆ ಫೋನ್ ಮಾಡಿ. ಗಾಡಿಯಲ್ಲಿ ಯುಡಿಐಡಿ ಕಾರ್ಡಿನ ಪ್ರತಿ ಯಾವಾಗಲೂ ಇರಲಿ. ಗಾಜಿಗೆ ಅಂಟಿಸಿದ ಸ್ಟಿಕ್ಕರ್ ಯಾರು ಬೇಕಾದರೂ ತರಬಹುದು, ಅದು ದಾಖಲೆ ಅಲ್ಲ.

ಅಪಾರ್ಟ್‌ಮೆಂಟ್, ಬಾಡಿಗೆ ಮನೆ

ಅಪಾರ್ಟ್‌ಮೆಂಟಿನಲ್ಲಿದ್ದರೆ ಕೆಲಸ ಅಸೋಸಿಯೇಷನ್ ಹತ್ತಿರ. ಮನೆ, ಫ್ಲಾಟ್ ಮಾರಾಟಕ್ಕೆ ಸಂಬಂಧಿಸಿದ 2016ರ ರೇರಾ ಕಾಯ್ದೆಯಲ್ಲಿ ತೆರೆದ ಪಾರ್ಕಿಂಗ್ ಎಲ್ಲರಿಗೂ ಸೇರಿದ ಸಾಮಾನ್ಯ ಜಾಗ. 2010ರಲ್ಲಿ ಸುಪ್ರೀಂ ಕೋರ್ಟ್ ಮುಂಬೈನ ಒಂದು ಪ್ರಕರಣದಲ್ಲಿ, ಬಿಲ್ಡರ್ ಸ್ಟಿಲ್ಟ್ ಪಾರ್ಕಿಂಗನ್ನು (ಕಟ್ಟಡದ ಕೆಳಗೆ ಕಂಬಗಳ ನಡುವಿನ ಜಾಗ) ಬೇರೆಯಾಗಿ ಮಾರುವಂತಿಲ್ಲ ಅಂದಿತು. ಹಾಗಾಗಿ ಲಿಫ್ಟ್ ಪಕ್ಕದ ಜಾಗ "ಅವರು ದುಡ್ಡು ಕೊಟ್ಟು ತಗೊಂಡಿದ್ದಾರೆ" ಅನ್ನುವುದು ಅಲ್ಲಿಗೇ ಮುಗಿಯುವ ಮಾತಲ್ಲ. ಆದರೂ ಜಗಳಕ್ಕಿಂತ ಅದಲುಬದಲು ವಾಸಿ, ಒಬ್ಬರು ಒಪ್ಪಿದರೆ ಸಾಕು. ಒಪ್ಪಿದ್ದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಇಲ್ಲದಿದ್ದರೆ ಮುಂದಿನ ಕಮಿಟಿ ಬಂದಾಗ ಮತ್ತೆ ಮೊದಲಿಂದ.

ಬಾಡಿಗೆ ಮನೆಯಾದರೆ ಗೇಟು, ಇಳಿಜಾರು ಮುಟ್ಟುವ ಮುಂಚೆ ಮಾಲೀಕರಿಂದ ಒಪ್ಪಿಗೆ ಪತ್ರ ತೆಗೆದುಕೊಳ್ಳಿ, ಬಿಟ್ಟು ಹೋಗುವಾಗ ಮೊದಲಿನಂತೆ ಮಾಡಿಕೊಡಬೇಕಾ ಅನ್ನುವುದೂ ಅದರಲ್ಲಿರಲಿ. ರಸ್ತೆ ಗುರುತು ಹಾಕಿಸಿಕೊಂಡ ಮನೆ ಬಿಟ್ಟರೆ ನಗರಸಭೆಗೆ ತಿಳಿಸಿ. ಹೊಸ ಮನೆ ನೋಡಲು ಹೋಗುವಾಗ ಟೇಪು ಮತ್ತು ಮಗುವಿನ ವೀಲ್‌ಚೇರ್ ಎರಡನ್ನೂ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ, ಬಾಡಿಗೆ ಎಷ್ಟು ಅಂತ ಕೇಳುವ ಮೊದಲು ಗೇಟಿನ ಅಗಲ ಅಳೆಯಿರಿ.